ಕೀಟೋನ್ ಅಂದ್ರೆ ಏನಣ್ಣ?

ನಾನು ಕೆಮಿಸ್ಟ್ರಿ ಮೇಷ್ಟ್ರು ಅನ್ನುವುದು ನಿಮಗೆ ಗೊತ್ತಿರುವುದೇ. ನನ್ನ ಹುಡುಗರ ಉತ್ತರಪತ್ರಿಕೆಗಳನ್ನು ಇಟ್ಟುಕೊಂಡು ಈ ಅಂಕಣದಲ್ಲಿ ಎಷ್ಟೋ ಸಲ ನಗಾಡಿದ್ದೇನೆ. ನೀವೂ ನಕ್ಕಿದ್ದೀರಿ. (ಆ ಪಾಪದಲ್ಲಿ ಇಬ್ಬರಿಗೂ ಸಮಪಾಲು.)

‘ಕೀಟೋನ್ ಎಂದರೇನು? ಒಂದು ಉದಾಹರಣೆ ಕೊಡಿ.’ ಎರಡು ಮಾರ್ಕಿನ ಪ್ರಶ್ನೆ. ಯಾವ ಕಾಲದಿಂದ ಕೇಳುತ್ತಾ ಬಂದಿದ್ದೇನೋ ನನಗೇ ನೆನಪಿಲ್ಲ. ಮೊನ್ನೆ ಗೌನಿಪಲ್ಲಿಯಲ್ಲಿ ಒಬ್ಬ ಹೆಂಗಸು ಅದೇ ಪ್ರಶ್ನೆಯನ್ನು ನನಗೇ ಕೇಳಿದಳು. ಅಲ್ಲಿ ಬೋರ್ಡ್ ಇರಲಿಲ್ಲ, ಸೀಮೆಸುಣ್ಣ ಇರಲಿಲ್ಲ. ಎದುರಿಗೆ ಅವಳ ಮಗಳ ಫೋಟೋ ಇತ್ತು. ಫೋಟೋಗೆ ಹಾರ ಹಾಕಿತ್ತು.

ಉತ್ತರ ಗೊತ್ತಿತ್ತು.

ಆ ಹೆಂಗಸು ಸುಜಾತ, ನನ್ನ ಚಿಕ್ಕಮ್ಮನ ಮಗಳು. ಮುಳಬಾಗಿಲಿನ ಒಂದೇ ಬೀದಿಯಲ್ಲಿ ಬೆಳೆದವರು ನಾವು. ನನಗೆ ಒಡಹುಟ್ಟಿದವರು ಯಾರೂ ಇಲ್ಲದ್ದರಿಂದ ತಂಗಿ ಅಂದರೆ ಅವಳೇ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಗೆ ಮದುವೆ ಮಾಡಿ ಕೊಟ್ಟೆವು. ಗಂಡ ಮುನಿರಾಜುಗೆ ಮಾವಿನ ತೋಟ. ಒಳ್ಳೆಯವನು, ಮಾತು ಕಡಿಮೆ. ಅತ್ತೆ ಪಾಪಮ್ಮ, ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವ ಹಳೇ ಕಾಲದ ಹೆಂಗಸು. ಇವರ ನಡುವೆ ಒಬ್ಬಳೇ ಮಗಳು, ಭಾರ್ಗವಿ. ಮನೆಯಲ್ಲಿ ಬುಜ್ಜಿ.

ಬುಜ್ಜಿಗೆ ಹೈಸ್ಕೂಲಿಗೆ ಹೋಗುವಾಗಲೇ ಶುಗರ್ ಬಂತು. ನಮ್ಮಂಥ ಹೊಟ್ಟೆ ಬಂದವರಿಗೆ ಬರುವ ಶುಗರ್ ಅಲ್ಲ. ಚಿಕ್ಕ ವಯಸ್ಸಿಗೇ ಬರುವುದು, ಇನ್ಸುಲಿನ್ ಇಲ್ಲದೆ ಜೀವ ನಡೆಯದಂಥದ್ದು. ಹುಡುಗಿ ಹೊಟ್ಟೆಗೆ ತಾನೇ ಸೂಜಿ ಚುಚ್ಚಿಕೊಂಡು, ಜಡೆ ಹಾಕಿಕೊಂಡು, ಬ್ಯಾಗ್ ಏರಿಸಿಕೊಂಡು ಬಸ್ಸಿಗೆ ಓಡುತ್ತಿದ್ದಳು. ಪಿಯುಸಿಯಲ್ಲಿ ಸೈನ್ಸ್ ತಗೋ ಎಂದು ನಾನು ಎಷ್ಟು ಹೇಳಿದರೂ ಕಾಮರ್ಸ್ ತಗೊಂಡಳು.

‘ನನ್ನೊಳಗೇ ಒಂದು ಲ್ಯಾಬ್ ಇದೆ ಮಾಮ. ಅದನ್ನ ನೋಡ್ಕೊಳ್ಳೋದೇ ಸಾಕಾಗ್ಹೋಗಿದೆ. ಇನ್ನು ನಿಮ್ ಲ್ಯಾಬ್ ಬೇರೆ ಯಾಕೆ?’

ಇಂಥ ಹುಡುಗಿಗೆ ಏನಂತ ವಾದ ಮಾಡುತ್ತೀರಿ?

ಆದರೆ ಹುಟ್ಟಿದ ಊರು ನೋಡಿ. ಮೇ, ಜೂನ್ ಬಂತೆಂದರೆ ಶ್ರೀನಿವಾಸಪುರದ ಕಡೆ ಗಾಳಿಯೂ ಮಾವಿನದೇ. ಮಂಡಿಯ ಮುಂದೆ ಟ್ರ್ಯಾಕ್ಟರ್ ಸಾಲು, ರಸ್ತೆಯ ಮೇಲೆ ಚಕ್ರಕ್ಕೆ ಸಿಕ್ಕಿದ ಹಣ್ಣು, ಬಸ್ಸಿನ ಸೀಟಿಗೂ ಅದೇ ವಾಸನೆ. ಸುಜಾತನ ಮನೆಯಲ್ಲಂತೂ ನಡುಮನೆ ಪಕ್ಕದ ಕೋಣೆಯಲ್ಲಿ ಹುಲ್ಲು ಹಾಸಿ ಬೇನಿಷಾ, ರಸಪುರಿ ಹಣ್ಣಿಗೆ ಇಟ್ಟಿರುತ್ತಾರೆ. ನಾನು ಒಂದು ದಿನ ಇದ್ದು ಕೋಲಾರಕ್ಕೆ ವಾಪಸ್ಸು ಬಂದರೆ ನನ್ನ ಹೆಂಡತಿ ಅಂಗಿ ಮೂಸಿ, ‘ಗೌನಿಪಲ್ಲಿಗೆ ಹೋಗಿದ್ರಾ?’ ಎನ್ನುತ್ತಾಳೆ.

ಆ ಕೋಣೆಗೆ ಬೀಗ. ಬೀಗದಕೈ ಸುಜಾತನ ಸೊಂಟದಲ್ಲಿ. ಯಾಕೆಂದರೆ ಎರಡು ವರ್ಷದ ಹಿಂದೆ ಪಾಪಮ್ಮ ಹಿತ್ತಲಲ್ಲಿ ಮೊಮ್ಮಗಳಿಗೆ ಒಂದು ಹಣ್ಣು ಕೊಯ್ದು ಕೊಟ್ಟು ಸಿಕ್ಕಿಬಿದ್ದಿದ್ದರು. ಹುಡುಗಿ ತೃಪ್ತಿಯಾಗಿ ಓಟೆ ಚೀಪುತ್ತಾ ಕೂತಿದ್ದಳಂತೆ. ಆವತ್ತು ಆ ಮನೆಯಲ್ಲಿ ಆದ ರಂಪ ಅಷ್ಟಿಷ್ಟಲ್ಲ. ಪಾಪಮ್ಮ ದೇವರ ಮುಂದೆ ದೀಪ ಮುಟ್ಟಿ, ಇನ್ನು ಕೊಡಲ್ಲ ಎಂದು ಆಣೆ ಇಟ್ಟರು. ಆಣೆಯನ್ನು ಸೊಸೆ ನಂಬಲಿಲ್ಲ. ಬೀಗವನ್ನು ನಂಬಿದಳು.

ಸುಜಾತಳನ್ನು ಬೈಯಬೇಡಿ. ಶುಗರ್ ಇರುವವರ ಮನೆ ಎಲ್ಲ ಕಡೆಯೂ ಹೀಗೇ ಅಲ್ಲವೇ? ಊಟಕ್ಕೆ ಕೂತವರು ಅಪರಾಧಿ, ಬಡಿಸುವವರು ಪೊಲೀಸ್, ನೆಂಟರೆಲ್ಲ ಜಡ್ಜ್. ‘ಏನಮ್ಮಾ, ಅನ್ನ ಜಾಸ್ತಿ ಹಾಕ್ಕೊಂಡಂಗಿದೆ?’ ಎಂದು ಕೇಳುವ ಹಕ್ಕು ಬೀದಿಯಲ್ಲಿ ಹೋಗುವವರಿಗೂ ಇದೆ. (ನನಗೆ ಬಾರ್ಡರ್‌ಲೈನ್ ಎಂದು ಗೊತ್ತಾದ ದಿನದಿಂದ ನನ್ನ ಮಗನೂ ಒಬ್ಬ ಇನ್‌ಸ್ಪೆಕ್ಟರ್.) ಪ್ರೀತಿಯೇ. ಆದರೆ ಪ್ರೀತಿ ಹೆಚ್ಚಾದ ಮನೆಗಳಲ್ಲಿ ಅನುಮಾನವೂ ಹೆಚ್ಚು. ಕಾಯಿಲೆ ಬಿದ್ದವರ ಮಾತಿಗೆ ಬೆಲೆ ಮೊದಲು ಹೋಗುತ್ತದೆ, ಆಮೇಲೆ ಆರೋಗ್ಯ.

ಈ ಜೂನಿನಲ್ಲಿ ಬುಜ್ಜಿಗೆ ಜ್ವರ ಬಂತು. ಊರಲ್ಲೆಲ್ಲ ಇದ್ದ ಜ್ವರವೇ. ಊಟ ಸೇರಲಿಲ್ಲ. ಊಟವೇ ಇಲ್ಲದ ಮೇಲೆ ಇನ್ಸುಲಿನ್ ತಗೊಂಡರೆ ಶುಗರ್ ಕೆಳಗಿಳಿದು ತಲೆ ಸುತ್ತಿ ಬಿದ್ದರೆ ಏನು ಗತಿ? ಹಾಗಂದುಕೊಂಡು ಹುಡುಗಿ ಸೂಜಿ ಬಿಟ್ಟಳು. ಮನೆಯವರೂ ಸರಿ ಎಂದರು. ಯಾರಿಗೆ ಬೇಕಾದರೂ ಹಾಗೇ ಅನ್ನಿಸುತ್ತದೆ. ಅದು ತಪ್ಪು ಲೆಕ್ಕ. ಜ್ವರ ಬಂದಾಗ ಇನ್ಸುಲಿನ್ ಬಿಡಬಾರದಂತೆ, ಡಾಕ್ಟರನ್ನು ಕೇಳಿ ಇನ್ನಷ್ಟು ಎಚ್ಚರವಾಗಿ ತಗೊಳ್ಳಬೇಕಂತೆ. ಇದು ನಮಗೆಲ್ಲ ಗೊತ್ತಾಗಿದ್ದು ಆಮೇಲೆ.

ಮಾರನೇ ದಿನ ವಾಂತಿ. ವಿಪರೀತ ದಾಹ. ಚೊಂಬುಗಟ್ಟಲೆ ನೀರು ಕುಡಿದಳು. ಮುಖ ಒರೆಸೋಣ ಎಂದು ಸುಜಾತ ಬಗ್ಗಿದಾಗ ಮಗಳ ಉಸಿರು ಅವಳ ಮೂಗಿಗೆ ಹೊಡೆಯಿತು.

ಹಣ್ಣಿನ ವಾಸನೆ. ಕಳಿತು ನೀರಾದ ಹಣ್ಣಿನ ಸಿಹಿ ವಾಸನೆ.

‘ಹಣ್ಣು ತಿಂದ್ಯಾ?’

‘ಇಲ್ಲಮ್ಮ.’

‘ಬಾಯಿ ನಾರ್ತಿದೆ ಕಣೇ. ನನ್ ಹತ್ರಾನೇ ಸುಳ್ಳು ಹೇಳ್ತೀಯಾ? ಯಾರ್ ಕೊಟ್ರು, ಅಜ್ಜಿನಾ?’

‘ಅಮ್ಮ, ನಾನ್ ತಿಂದಿಲ್ಲ. ನಿಜವಾಗ್ಲೂ ತಿಂದಿಲ್ಲ.’

ನಂಬಿಕೆ ಬರುವುದು ಹೇಗೆ? ಹಿಂದೆ ಒಮ್ಮೆ ಸಿಕ್ಕಿಬಿದ್ದವಳು. ಕೊಟ್ಟ ಅಜ್ಜಿಯೂ ಅದೇ ಸೂರಿನಡಿ ಇದ್ದಾರೆ. ವಾಂತಿಗೆ ಕಾರಣ ಸಿಕ್ಕಿತು, ದಾಹಕ್ಕೆ ಕಾರಣ ಸಿಕ್ಕಿತು. ಕಾರಣ ಸಿಕ್ಕಿದ ಮೇಲೆ ಆಸ್ಪತ್ರೆ ಯಾಕೆ? ‘ತಿಂದಿದ್ದು ಅರಗೋ ತನಕ ಬಿದ್ದಿರು’ ಎಂದು ಸುಜಾತ ಮಜ್ಜಿಗೆ ಲೋಟ ಪಕ್ಕದಲ್ಲಿಟ್ಟು ಎದ್ದು ಹೋದಳು. ಸಿಟ್ಟಿಗೆ ಆ ದಿನವೆಲ್ಲ ಮಗಳೊಂದಿಗೆ ಮಾತು ಬಿಟ್ಟಳು. ಬೆಳಗ್ಗೆ ಎಬ್ಬಿಸಿದರೆ ಹುಡುಗಿ ಸರಿಯಾಗಿ ಕಣ್ಣು ಬಿಡಲಿಲ್ಲ.

ಪಕ್ಕದ ಮನೆಯವರ ಕಾರಿನಲ್ಲಿ ಶ್ರೀನಿವಾಸಪುರ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಕೋಲಾರ. ನನಗೆ ಫೋನ್ ಬಂದಾಗ ಕ್ಲಾಸಿನಲ್ಲಿದ್ದೆ. ಓಡಿದೆ. ಐಸಿಯು ಹೊರಗೆ ಡಾಕ್ಟರು, ನನ್ನ ಅರ್ಧ ವಯಸ್ಸಿನ ಹುಡುಗಿ, ಮುನಿರಾಜುವನ್ನೂ ನನ್ನನ್ನೂ ಪಕ್ಕಕ್ಕೆ ಕರೆದರು.

‘ಕೀಟೋನ್ಸ್ ತುಂಬಾ ಜಾಸ್ತಿ ಆಗ್ಬಿಟ್ಟಿದೆ. ರಕ್ತ ಪೂರ್ತಿ ಆಸಿಡ್ ಆಗಿದೆ. ನಿನ್ನೇನೇ ಕರ್ಕೊಂಡು ಬಂದಿದ್ರೆ ಚಾನ್ಸ್ ಜಾಸ್ತಿ ಇತ್ತು. ಬಾಯಲ್ಲಿ ಹಣ್ಣಿನ ಥರ ವಾಸನೆ ಬಂದಿರ್ಬೇಕಲ್ಲ, ಯಾರೂ ಗಮನಿಸ್ಲಿಲ್ವಾ?’

ಮುನಿರಾಜು ನೆಲ ನೋಡಿದ.

‘ಬಂತು ಮೇಡಂ. ಆದ್ರೆ ನಮ್ಮನೇಲಿ ಎಲ್ಲಾದ್ರಲ್ಲೂ ಅದೇ ವಾಸನೆ.’

ಬುಜ್ಜಿ ಮಾರನೇ ದಿನ ಹೋದಳು.

ಈಗ ಎರಡು ಮಾರ್ಕಿನ ಉತ್ತರ ಹೇಳುತ್ತೇನೆ. ಸ್ವಲ್ಪ ತಾಳ್ಮೆ ಇರಲಿ. ಒಂದು ಕಾರ್ಬನ್, ಅದಕ್ಕೆ ಎರಡು ಕೈಯಲ್ಲಿ ಅಂಟಿಕೊಂಡ ಒಂದು ಆಕ್ಸಿಜನ್. ಆ ಕಾರ್ಬನ್ನಿನ ಎಡಕ್ಕೂ ಬಲಕ್ಕೂ ಕಾರ್ಬನ್ನುಗಳೇ ಇದ್ದರೆ ಅದು ಕೀಟೋನ್. ಒಂದು ಪಕ್ಕದಲ್ಲಿ ಹೈಡ್ರೋಜನ್ ಕೂತುಬಿಟ್ಟರೆ ಜಾತಿ ಬೇರೆ, ಅದು ಆಲ್ಡಿಹೈಡ್. ಹೆಸರಿನ ಕೊನೆಗೆ ‘ಓನ್’ ಬಂದರೆ ಕೀಟೋನ್ ಎಂದು ಹುಡುಗರು ಉರು ಹೊಡೆಯುತ್ತಾರೆ. ಎಲ್ಲಕ್ಕಿಂತ ಚಿಕ್ಕ ಕೀಟೋನ್ ಅಸಿಟೋನ್. ಹೆಣ್ಣುಮಕ್ಕಳು ಉಗುರಿನ ಬಣ್ಣ ಅಳಿಸುವ ದ್ರವದ ವಾಸನೆ ನೆನಪಿಸಿಕೊಳ್ಳಿ, ಅದೇ. ‘ಕೀಟೋನ್’ ಎಂಬ ಹೆಸರೂ ಅದರಿಂದಲೇ ಬಂದದ್ದು. ಜರ್ಮನ್ನರು ಅಸಿಟೋನನ್ನು ತಮ್ಮ ನಾಲಿಗೆಗೆ ಒಗ್ಗಿಸಿ ‘ಅಕೆಟೋನ್’ ಮಾಡಿಕೊಂಡು, ಮೊದಲ ಅಕ್ಷರ ಕತ್ತರಿಸಿ ಇಡೀ ಕುಲಕ್ಕೆ ಆ ಹೆಸರಿಟ್ಟರು.

ಇಷ್ಟು ಬರೆದರೆ ಎರಡಕ್ಕೆ ಎರಡು.

ಈಚೆಗೆ ಈ ಪದ ಬೀದಿಗೂ ಬಂದಿದೆ. ನಮ್ಮ ಕಾಲೇಜಿನ ಕ್ಲರ್ಕ್ ಅನ್ನ ಬಿಟ್ಟು ಮೊಟ್ಟೆ, ಪನೀರ್ ತಿನ್ನುತ್ತಾ ‘ನಾನು ಕೀಟೋದಲ್ಲಿದ್ದೀನಿ ಸಾರ್’ ಎನ್ನುತ್ತಾನೆ, ಊಟಿಯಲ್ಲಿದ್ದೀನಿ ಅನ್ನುವಷ್ಟು ಖುಷಿಯಿಂದ. ಇನ್ನು ಡಾಕ್ಟರುಗಳದ್ದು ಬೇರೆ ಬಳಕೆ. ಅವರು ‘ಕೀಟೋನ್ ಬಾಡೀಸ್’ ಎಂದು ಮೂರು ವಸ್ತುಗಳನ್ನು ಒಟ್ಟಿಗೆ ಕರೆಯುತ್ತಾರೆ. ಅದರಲ್ಲಿ ಒಂದು ನಮ್ಮ ಕೆಮಿಸ್ಟ್ರಿ ಪ್ರಕಾರ ಕೀಟೋನೇ ಅಲ್ಲ. ಕ್ಲಾಸಿನಲ್ಲಿ ಇದನ್ನು ಹೇಳಿ ಡಾಕ್ಟರುಗಳನ್ನು ಸ್ವಲ್ಪ ಗೇಲಿ ಮಾಡುವುದು ನನ್ನ ವಾಡಿಕೆ. ಹುಡುಗರು ನಗುತ್ತಾರೆ. ಈ ವರ್ಷ ಆ ಪಾಠಕ್ಕೆ ಬಂದಾಗ ಏನು ಮಾಡುತ್ತೇನೋ ಗೊತ್ತಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಗೌನಿಪಲ್ಲಿಗೆ ಹೋದೆ. ಬಸ್ಸಿಳಿದು ಬರುತ್ತಿದ್ದವನನ್ನು ಮುನಿರಾಜು ತೋಟದ ಬೇಲಿ ಹತ್ತಿರವೇ ನಿಲ್ಲಿಸಿದ. ಮಾತು ಕಡಿಮೆಯ ಮನುಷ್ಯ ಅವತ್ತು ಒಂದೇ ಉಸಿರಿಗೆ ಮಾತಾಡಿದ.

‘ಬಾವ, ಅವಳಿಗೆ ಇನ್ನೂ ಗೊತ್ತಿಲ್ಲ. ಬುಜ್ಜಿ ಹಣ್ಣು ತಿಂದೇ ಹಿಂಗಾಯ್ತು, ಅಮ್ಮಾನೇ ಕೊಟ್ಟಿದ್ದು ಅಂತ ತಿಳ್ಕೊಂಡವ್ಳೆ. ಅಮ್ಮನ್ ಕೈಲಿ ಒಂದು ಲೋಟ ನೀರೂ ಇಸ್ಕೊಳ್ಳಲ್ಲ. ಡಾಕ್ಟ್ರು ಹೇಳಿದ್ದನ್ನ ನೀವು ಹೇಳ್ಬೇಡಿ ಬಾವ.’

‘ನಿಮ್ಮಮ್ಮನ ಮೇಲೆ ಸುಳ್ಳು ಅಪವಾದ ಇದೆಯಲ್ಲ, ಮುನಿರಾಜು?’

‘ಅಮ್ಮ ತಡ್ಕೊಂತಾಳೆ. ವಯಸ್ಸಾದೋಳು, ಎಷ್ಟೋ ನೋಡವ್ಳೆ. ಆ ಸಿಟ್ಟು ಇವಳ ಮೇಲೇ ತಿರುಗಿದ್ರೆ ಇವಳು ಉಳಿಯಲ್ಲ ಬಾವ.’

ಹೆಂಡತಿಯನ್ನು ಉಳಿಸಲು ಹೆತ್ತ ತಾಯಿಯನ್ನು ಅಪರಾಧಿ ಸ್ಥಾನದಲ್ಲಿ ಕೂರಿಸಿದ್ದ. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ಅದನ್ನು ಅವನು ಒಪ್ಪಿಗೆ ಎಂದುಕೊಂಡ.

ಒಳಗೆ ಎಡೆ ಇಡುತ್ತಿದ್ದರು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ. ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಗೆ ಬಡಿಸಿ ಫೋಟೋ ಮುಂದೆ ಇಡಬೇಕು. ಬಂದ ನೆಂಟರೆಲ್ಲ ಒಂದೊಂದು ತಂದಿದ್ದರು. ಜಿಲೇಬಿ, ಮೈಸೂರು ಪಾಕು, ಕ್ರೀಮ್ ಬಿಸ್ಕೆಟ್ಟು, ಕೂಲ್ ಡ್ರಿಂಕಿನ ಬಾಟಲು. ಬದುಕಿದ್ದಷ್ಟು ದಿನ ಆ ಹುಡುಗಿಯ ಕೈಯಿಂದ ಕಿತ್ತುಕೊಂಡಿದ್ದೆಲ್ಲ ಎಲೆಯ ಮೇಲೆ ಬಂದು ಕೂತಿತ್ತು. ‘ಅನ್ನ ಜಾಸ್ತಿ ಆಯ್ತಲ್ಲಮ್ಮಾ’ ಎನ್ನುತ್ತಿದ್ದವರೇ ಈಗ ಇನ್ನೊಂದು ಜಿಲೇಬಿ ಇಡಿ ಎನ್ನುತ್ತಿದ್ದರು. ನನಗೆ ನೋಡಲಾಗಲಿಲ್ಲ.

ಆಗ ಪಾಪಮ್ಮ ಬಂದರು. ಸೆರಗಿನಿಂದ ಒಂದು ರಸಪುರಿ ಹಣ್ಣು ತೆಗೆದು ಎಲೆಯ ತುದಿಗೆ ಇಟ್ಟರು.

ಸುಜಾತ ಒಂದು ಕ್ಷಣ ಹಣ್ಣನ್ನೇ ನೋಡಿದಳು. ಎತ್ತಿ ಬಾಗಿಲಾಚೆ ಎಸೆದಳು.

‘ಇದನ್ನ ತಿನ್ಸೇ ಅಲ್ವಾ ಅವಳನ್ನ ಕಳ್ಸಿದ್ದು? ಇನ್ನೂ ಸಾಲ್ದಾ ನಿಮ್ಗೆ?’

ಮನೆ ತುಂಬ ಜನ. ಮುದುಕಿ ಹೊರಗೆ ಹೋಗಿ, ಹಣ್ಣನ್ನು ಎತ್ತಿಕೊಂಡು, ಸೆರಗಿನಲ್ಲಿ ಮಣ್ಣು ಒರೆಸಿದರು. ‘ನೇನು ಇಯ್ಯಲೇದಮ್ಮಾ’ ಎಂದರು. (ನಾನು ಕೊಡಲಿಲ್ಲಮ್ಮಾ ಎಂದು.) ಜೋರಾಗಿ ಅಲ್ಲ, ವಾದಕ್ಕೂ ಅಲ್ಲ. ಎಷ್ಟು ಸಲ ಹೇಳಿ ಹೇಳಿ ಸವೆದಿತ್ತೋ ಆ ಮಾತು.

ಸುಜಾತ ನನ್ನ ಕಡೆ ತಿರುಗಿದಳು.

‘ಅಣ್ಣ, ನೀನು ಕೆಮಿಸ್ಟ್ರಿ ಓದಿದೋನು. ಆ ಡಾಕ್ಟ್ರು ಕೀಟೋನು, ಕೀಟೋನು ಅಂತಿದ್ರಲ್ಲ. ಕೀಟೋನ್ ಅಂದ್ರೆ ಏನಣ್ಣ? ಹಣ್ಣು ಮಾಡೋಕೆ ಹಾಕ್ತಾರಲ್ಲ, ಆ ಪೌಡರಾ? ಹಣ್ಣಲ್ಲೇ ಇರ್ತದಾ? ಎಲ್ರ ಮುಂದೇನೇ ಹೇಳು. ಇವ್ರೂ ಕೇಳಿಸ್ಕೊಳ್ಳಲಿ.’

ಬಾಗಿಲ ಬಳಿ ನಿಂತಿದ್ದ ಮುನಿರಾಜು ಬೇಡ ಎಂದು ಕಣ್ಣಲ್ಲೇ ಅಂಗಲಾಚಿದ.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಸುಳ್ಳು ಸುಲಭವಿತ್ತು. ‘ಅದೊಂದು ಕಾಯಿಲೆ ಕಣಮ್ಮ’ ಎಂದರೆ ಮುಗಿಯುತ್ತಿತ್ತು. ತಂಗಿ ಅತ್ತೆಯನ್ನು ಬೈದುಕೊಂಡು ಹೇಗೋ ಬದುಕುತ್ತಿದ್ದಳು. ಅತ್ತೆ ಬೈಸಿಕೊಂಡು ಒಂದು ದಿನ ಸಾಯುತ್ತಿದ್ದರು. ಮುನಿರಾಜು ಹೇಳಿದ ಲೆಕ್ಕ ತಪ್ಪೆಂದು ನನಗೆ ಈಗಲೂ ಹೇಳಲಾಗುವುದಿಲ್ಲ. ಅವನು ಇಬ್ಬರ ನೋವನ್ನು ತೂಗಿ ನೋಡಿದ್ದ, ತಾಯಿಯದನ್ನೂ ಹೆಂಡತಿಯದನ್ನೂ. ಆದರೆ ಆ ಮನೆಯಲ್ಲಿ ಮೂರನೆಯವಳೂ ಒಬ್ಬಳಿದ್ದಳು, ಫೋಟೋದಲ್ಲಿ. ‘ನಾನ್ ತಿಂದಿಲ್ಲ’ ಎಂದು ಹೇಳಿ ಹೋದವಳು. ಅವಳು ಕಳ್ಳಿಯೂ ಅಲ್ಲ, ಸುಳ್ಳಿಯೂ ಅಲ್ಲ ಎಂದು ಹೇಳಬಲ್ಲವರು ಆ ಕೋಣೆಯಲ್ಲಿ ಇಬ್ಬರೇ ಇದ್ದೆವು. ಒಬ್ಬ ಹೇಳಬೇಡ ಎನ್ನುತ್ತಿದ್ದ.

ನಾನು ಸುಜಾತಳ ಪಕ್ಕ ನೆಲದ ಮೇಲೆ ಕೂತೆ.

‘ಅದು ಪೌಡರಲ್ಲಮ್ಮ. ಹಣ್ಣಿಂದ ಬಂದಿದ್ದೂ ಅಲ್ಲ. ಮೈಯೊಳಗೇ ಆಗೋದು.’

‘ಹೆಂಗೆ?’

‘ಇನ್ಸುಲಿನ್ ಸಾಲ್ದೇ ಹೋದಾಗ ಮೈಗೆ ಸಕ್ಕರೇನ ಬಳಸ್ಕೊಳ್ಳೋಕೆ ಆಗಲ್ಲ. ರಕ್ತದಲ್ಲಿ ಬೇಕಾದಷ್ಟು ಸಕ್ಕರೆ ಇದ್ರೂ ಮೈ ಉಪವಾಸ. ಆಗ ಕೊಬ್ಬನ್ನ ಕರಗಿಸ್ಕೊಂಡು ಬದುಕೋಕೆ ನೋಡ್ತದೆ. ಹಂಗೆ ಕರಗಿದಾಗ ಹುಟ್ಟೋದು ಕೀಟೋನ್. ಜಾಸ್ತಿ ಆದ್ರೆ ವಾಂತಿ, ದಾಹ, ಏದುಸಿರು. ಉಸಿರಲ್ಲೂ ಬರ್ತದೆ ಅದು.’

ಇಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಬಿಡಲಿಲ್ಲ.

‘ಉಸಿರಲ್ಲಿ ಬಂದ್ರೆ?’

‘ಹಣ್ಣಿನ ಥರ ವಾಸನೆ ಬರ್ತದೆ. ಚೆನ್ನಾಗಿ ಕಳಿತ ಹಣ್ಣಿನ ಥರ. ಹಣ್ಣು ಮುಟ್ದೇ ಇದ್ರೂ ಬರ್ತದೆ.’

ಸುಜಾತ ಅಳಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. ಮುನಿರಾಜು ಹೆದರಿದ್ದಂತೆ ಏನೂ ಆಗಲಿಲ್ಲ, ಅಥವಾ ಅದಕ್ಕಿಂತ ದೊಡ್ಡದೇನೋ ಆಗುತ್ತಿತ್ತು, ನಮಗೆ ಕಾಣಿಸುತ್ತಿರಲಿಲ್ಲ. ಅವಳು ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದು ಸುಮ್ಮನೆ ಉಸಿರೆಳೆದುಕೊಂಡಳು. ಮಗಳ ಮುಖ ಒರೆಸಿದ್ದ ಕೈ. ಪಾಪಮ್ಮ ಹೊಸ್ತಿಲ ಮೇಲೆ ಕೂತು ಸೊಸೆಯನ್ನೇ ನೋಡುತ್ತಿದ್ದರು. ತಮ್ಮ ಮೇಲಿನ ಅಪವಾದ ಹೋಯಿತು ಎಂಬ ನೆಮ್ಮದಿ ಆ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಬದಲಿಗೆ ಭಯ ಇತ್ತು. ‘ಊರುಕೋ ನಾಯನಾ, ಚೆಪ್ಪೊದ್ದು’ ಎಂದರು ನನಗೆ. ಸುಮ್ಮನಿರಪ್ಪಾ, ಹೇಳಬೇಡ ಎಂದು. ಅಷ್ಟು ದಿನ ಸುಳ್ಳು ಅಪವಾದ ಹೊತ್ತವರು, ಅದು ಇಳಿದ ಗಳಿಗೆಯಲ್ಲಿ ಸೊಸೆಯ ಕಡೆಗೆ ನಿಂತಿದ್ದರು.

ನಾನು ಮಾಡಿದ್ದು ಸರಿಯೇ ಎಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ. ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಇನ್ಸುಲಿನ್ ತಗೊಳ್ಳುವ ಮಗು ಇದ್ದರೆ, ಜ್ವರವೋ ವಾಂತಿಯೋ ಬಂದರೆ, ಉಸಿರು ಹಣ್ಣಿನಂತೆ ನಾರಿದರೆ, ತಿಂದೆಯಾ ಎಂದು ಕೇಳುತ್ತಾ ಕೂರಬೇಡಿ. ಆಸ್ಪತ್ರೆಗೆ ಓಡಿ. ವಿಚಾರಣೆ ಆಮೇಲೆ ಮಾಡಿದರಾಯಿತು. ಇಷ್ಟನ್ನು ಹೇಳುವುದಕ್ಕೇ ಈ ವಾರ ಬರೆದೆ. ಮಿಕ್ಕಿದ್ದನ್ನು ಬರೆಯುವ ಮನಸ್ಸಿರಲಿಲ್ಲ, ಆದರೆ ಬರೆಯದಿದ್ದರೆ ನೀವು ಓಡುವುದಿಲ್ಲ.

ಅವತ್ತು ಜನ ಮೆಲ್ಲಗೆ ಒಬ್ಬೊಬ್ಬರೇ ಎದ್ದು ಅಂಗಳಕ್ಕೆ ಹೋದರು. ಸುಜಾತ ಕೂತಲ್ಲೇ ಕೂತಿದ್ದಳು. ನಾನೂ ಕೂತಿದ್ದೆ. ಅವಳು ನನ್ನ ತೋಳು ಹಿಡಿದು, ನಿಧಾನವಾಗಿ, ತೀರ ಸಣ್ಣ ದನಿಯಲ್ಲಿ ಕೇಳಿದಳು:

‘ಹಂಗಾದ್ರೆ ಈ ವರ್ಷ ಬುಜ್ಜಿ ಒಂದು ಹಣ್ಣೂ ತಿನ್ನಲಿಲ್ವಾ ಅಣ್ಣ?’